ಬೆಂಗಳೂರು–ಮಂಗಳೂರು ವಿಮಾನ: ಒಂದು ಗಂಟೆ ಅಂತ ನಂಬಿ ಹೊರಡಬೇಡಿ

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶದಲ್ಲಿ ಸುಮಾರು 300 ಕಿ.ಮೀ., ರಸ್ತೆಯಲ್ಲಾದರೆ 350. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಎಂದಿರುತ್ತದೆ. ಅದು ಬರೀ ಹಾರಾಟದ ಹೊತ್ತಲ್ಲ. ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವ ತನಕದ ಲೆಕ್ಕ.

ಜಾಸ್ತಿ ಸಮಯ ಹೋಗುವುದು ನೆಲದ ಮೇಲೆಯೇ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೇ ಸುಮಾರು 35 ಕಿ.ಮೀ. ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ಮುಗೀತು, ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ.

ಮಳೆಗಾಲದಲ್ಲಂತೂ ಎಚ್ಚರ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ ಗುಡ್ಡದ ಮೇಲಿದೆ ಅಲ್ವಾ, ಮೋಡ ಕವಿದರೆ ಇಳಿಯುವುದು ಕಷ್ಟ. ಒಮ್ಮೆ ಜುಲೈಯಲ್ಲಿ ಕಿಟಕಿಯಾಚೆ ಬರೀ ಬಿಳುಪು, ವಿಮಾನ ಸುತ್ತು ಹಾಕುತ್ತಲೇ ಇತ್ತು. ಮದುವೆ, ಪರೀಕ್ಷೆ ಇದ್ದರೆ ದಯವಿಟ್ಟು ಹಿಂದಿನ ದಿನವೇ ಹೋಗಿ.