ಪ್ರೇಕ್ಷಕರ ಗಮನವನ್ನು ಓದುವ ಬಗೆ: ಕಲಾವಿದರಿಗೊಂದು ಕೈಪಿಡಿ

ಪ್ರದರ್ಶನ ಮುಗಿದ ಮೇಲೆ ಹತ್ತಿರ ಬಂದು ‘ತುಂಬಾ ಚೆನ್ನಾಗಿತ್ತು’ ಎಂದು ಹೇಳಿ ಹೋಗುವವರ ಮಾತಿನಲ್ಲಿ ಸುಳ್ಳಿರುವುದಿಲ್ಲ, ಆದರೆ ಕಲಾವಿದರಿಗೆ ಬೇಕಾದ ತಿಳಿವಳಿಕೆಯೂ ಅದರಲ್ಲಿ ಇರುವುದಿಲ್ಲ. ಪ್ರೇಕ್ಷಕರು ನಿಜವಾದ ಉತ್ತರವನ್ನು ಪ್ರದರ್ಶನ ನಡೆಯುತ್ತಿರುವಾಗಲೇ, ತಮಗೂ ಅರಿವಿಲ್ಲದಂತೆ, ತಮ್ಮ ಗಮನದ ಮೂಲಕ ಕೊಟ್ಟುಬಿಟ್ಟಿರುತ್ತಾರೆ. ಅದನ್ನು ಓದಲು ಕಲಿತವರು ಮೆಚ್ಚುಗೆಗೆ ಹಾತೊರೆಯಬೇಕಾಗಿಲ್ಲ, ಟೀಕೆಗೆ ಹೆದರಬೇಕಾಗಿಯೂ ಇಲ್ಲ.

ಈ ವಿಚಾರ ಹೊಸತಲ್ಲ. ಭರತನ ನಾಟ್ಯಶಾಸ್ತ್ರವು ಪ್ರಯೋಗದ ಸಿದ್ಧಿಯನ್ನು, ಅಂದರೆ ಯಶಸ್ಸನ್ನು, ಮಾನುಷೀ ಮತ್ತು ದೈವೀ ಎಂದು ಎರಡಾಗಿ ವಿಂಗಡಿಸುತ್ತದೆ. ನಗು, ಉದ್ಗಾರ, ರೋಮಾಂಚ, ಆಸನ ಬಿಟ್ಟು ಏಳುವುದು ಇವೆಲ್ಲ ಮಾನುಷೀ ಸಿದ್ಧಿಯ ಗುರುತುಗಳಾದರೆ, ರಂಗಮಂದಿರ ತುಂಬಿದ್ದರೂ ಸದ್ದಾಗಲೀ ಕ್ಷೋಭೆಯಾಗಲೀ ಇಲ್ಲದಿರುವುದು ದೈವೀ ಸಿದ್ಧಿಯ ಗುರುತು. ಮೌನಕ್ಕೆ ಚಪ್ಪಾಳೆಗಿಂತ ಮೇಲಿನ ಸ್ಥಾನ ಕೊಟ್ಟ ಈ ವಿವೇಕವನ್ನು ನಾನು ದಿನನಿತ್ಯದ ಕೆಲಸದ ಸೂಚನೆಯಾಗಿಯೇ ಓದುತ್ತೇನೆ.

ಹಾಗಾದರೆ ಗಮನವನ್ನು ಓದುವುದು ಹೇಗೆ? ಕೃತಿಯ ಕರಡು ಸಿದ್ಧವಾದಾಗ ಐದಾರು ಜನರನ್ನು ಕೂರಿಸಿಕೊಂಡು ಪ್ರಯೋಗಿಸಿ, ಮತ್ತು ಸಹಾಯಕರೊಬ್ಬರ ಕೈಗೆ ಬರಹದ ಪ್ರತಿಯನ್ನೂ ಪೆನ್ಸಿಲನ್ನೂ ಕೊಟ್ಟು ಹಿಂದಿನ ಸಾಲಿನಲ್ಲಿ ಕೂರಲು ಹೇಳಿ. ಕೆಮ್ಮು ಕೇಳಿಸಿದಲ್ಲಿ, ಕುರ್ಚಿ ಕಿರುಗುಟ್ಟಿದಲ್ಲಿ, ಯಾರಾದರೂ ಗಡಿಯಾರ ನೋಡಿದಲ್ಲಿ ಅವರು ಅಂಚಿನಲ್ಲಿ ಒಂದು ಗೆರೆ ಎಳೆದರೆ ಸಾಕು, ಅಭಿಪ್ರಾಯ ಬರೆಯಬೇಕಾಗಿಲ್ಲ. ಒಮ್ಮೆ ನನ್ನ ಏಕವ್ಯಕ್ತಿ ಪ್ರಯೋಗವೊಂದರಲ್ಲಿ ಮೂರು ಸಂಜೆಯ ಗೆರೆಗಳೂ ಒಂದೇ ಪುಟದ ಮೇಲೆ ಬಿದ್ದಿದ್ದವು. ತಂದೆಯ ಸಾವಿನ ಸುದ್ದಿ ತಲುಪುವ, ನಾನು ಅತ್ಯಂತ ಪ್ರೀತಿಯಿಂದ ಬರೆದಿದ್ದ ಪುಟ ಅದು. ಮೊದಲು ಆ ಮಾತುಗಳನ್ನೇ ಮೊಟಕುಗೊಳಿಸಿ ನೋಡಿದೆ, ಕೆಮ್ಮು ನಿಲ್ಲಲಿಲ್ಲ. ಕೊನೆಗೆ ತಿಳಿದದ್ದೇನೆಂದರೆ, ಎರಡು ಪುಟ ಮೊದಲೇ ಬರುತ್ತಿದ್ದ ಒಂದು ವಾಕ್ಯ ಸಾವಿನ ಸುಳಿವನ್ನು ಬಿಟ್ಟುಕೊಟ್ಟಿತ್ತು. ಜನ ತಮಗಾಗಲೇ ಗೊತ್ತಿದ್ದ ಸುದ್ದಿಗಾಗಿ ಕಾಯುತ್ತ ಕುಳಿತಿದ್ದರು. ಆ ಒಂದು ವಾಕ್ಯವನ್ನು ತೆಗೆದ ಮೇಲೆ ಮುಂದಿನ ಸಂಜೆ ಅದೇ ಪುಟಕ್ಕೆ ಉಸಿರು ಬಿಗಿಹಿಡಿದ ಮೌನ ಬಂತು. ಆದ್ದರಿಂದ ಗೆರೆ ಬಿದ್ದ ಜಾಗವನ್ನು ನೋಡಿದ ಕೂಡಲೇ ಅದನ್ನೇ ಕತ್ತರಿಸಲು ಹೋಗದೆ, ಅದಕ್ಕಿಂತ ಹಿಂದಿನದನ್ನು ಮೊದಲು ಪರೀಕ್ಷಿಸಿ.

ಪ್ರೇಕ್ಷಕರೊಂದಿಗೆ ಮಾತನಾಡುವಾಗ ‘ಹೇಗಿತ್ತು’ ಎಂದು ಕೇಳಬೇಡಿ, ಏಕೆಂದರೆ ಆ ಪ್ರಶ್ನೆಗೆ ಸೌಜನ್ಯದ ಉತ್ತರವೊಂದೇ ಸಾಧ್ಯ. ‘ಏನು ನೆನಪಿನಲ್ಲಿ ಉಳಿಯಿತು’, ‘ಎಲ್ಲಿ ಮನಸ್ಸು ಬೇರೆಡೆ ಹೋಯಿತು’, ‘ಮುಂದೆ ಏನಾಗಬಹುದು ಎಂದುಕೊಂಡಿರಿ’ ಎಂದು ಕೇಳಿ; ಸಾಧ್ಯವಾದರೆ ಒಂದು ದಿನ ಬಿಟ್ಟು ಕೇಳಿ. ಎಲ್ಲಿ ತೊಡಕಿದೆ ಎಂಬುದನ್ನು ಪ್ರೇಕ್ಷಕರು ಬಹುಮಟ್ಟಿಗೆ ಸರಿಯಾಗಿಯೇ ಹೇಳುತ್ತಾರೆ, ಆದರೆ ಅದನ್ನು ಸರಿಪಡಿಸುವ ಬಗೆ ನಿಮ್ಮ ಕೆಲಸ. ಹತ್ತು ಜನರ ಹತ್ತು ಉತ್ತರಗಳ ಸರಾಸರಿ ತೆಗೆಯುವುದೂ ಬೇಡ. ಪ್ರೇಕ್ಷಕನಿಗಿರಬೇಕಾದ ಗುಣಗಳೆಲ್ಲವೂ ಒಬ್ಬನಲ್ಲೇ ಸಿಗುವುದಿಲ್ಲವೆಂದು ನಾಟ್ಯಶಾಸ್ತ್ರವೇ ಒಪ್ಪಿಕೊಂಡಿದೆ; ಒಬ್ಬರು ಲಯವನ್ನು, ಇನ್ನೊಬ್ಬರು ಕಥೆಯನ್ನು ಹಿಡಿದು ಕೂತಿರುತ್ತಾರೆ.

ಕಠಿಣವಾದ ಕೃತಿಯಾದರೆ ಪ್ರೇಕ್ಷಕರಿಗೆ ಎರಡನೆಯ ಅವಕಾಶ ಕೊಡಿ. ಕಾವ್ಯದ ನಿರಂತರ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯ ಎನ್ನುತ್ತಾನೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ. ಅಂದರೆ ಸಹೃದಯತೆಗೂ ಅಭ್ಯಾಸ ಬೇಕು. ಸಂಗೀತ ರಚನಕಾರ ಆರ್ನಾಲ್ಡ್ ಷೋನ್‌ಬರ್ಗ್ 1918ರಲ್ಲಿ ವಿಯೆನ್ನಾದಲ್ಲಿ ಕಟ್ಟಿದ ಖಾಸಗಿ ಸಂಗೀತ ಸಂಘವು ಚಪ್ಪಾಳೆಯನ್ನು ನಿಷೇಧಿಸಿ, ವಿಮರ್ಶಕರನ್ನು ದೂರವಿಟ್ಟು, ಹೊಸ ರಚನೆಗಳನ್ನು ಸದಸ್ಯರಿಗೆ ಮತ್ತೆ ಮತ್ತೆ ಕೇಳಿಸುತ್ತಿತ್ತು. ಅಷ್ಟು ಕಟ್ಟುನಿಟ್ಟು ನಮಗೆ ಬೇಕಾಗದಿರಬಹುದು, ಆದರೆ ಕ್ಲಿಷ್ಟವಾದ ಒಂದು ಭಾಗವನ್ನು ಕೊನೆಯಲ್ಲಿ ಇನ್ನೊಮ್ಮೆ ನುಡಿಸುವುದಕ್ಕೆ, ಅಥವಾ ಅರ್ಥ ವಿವರಿಸದೆ ಕಿವಿಯನ್ನು ಎಲ್ಲಿ ಇಡಬೇಕೆಂದು ಎರಡು ವಾಕ್ಯಗಳಲ್ಲಿ ಮೊದಲೇ ಸೂಚಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಪ್ರೇಕ್ಷಕರ ಪ್ರೀತಿ ಕೆಲವೊಮ್ಮೆ ಕಲಾವಿದರನ್ನು ಕಟ್ಟಿಹಾಕುತ್ತದೆ. ಐತಿಹಾಸಿಕ ಕಾದಂಬರಿಗಳಿಗೆ ಸಮಯ ಬೇಕೆಂದು ಆರ್ಥರ್ ಕಾನನ್ ಡಾಯ್ಲ್ 1893ರಲ್ಲಿ ತಮ್ಮ ಪತ್ತೇದಾರಿ ಕಥೆಗಳ ನಾಯಕ ಷೆರ್ಲಾಕ್ ಹೋಮ್ಸ್‌ನನ್ನು ಸಾಯಿಸಿದರೂ, 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ಹಳೆಯದನ್ನೇ ಕೊಡಿ ಎಂಬ ಒತ್ತಾಯ ಬಂದಾಗ, ಹಳೆಯದರಲ್ಲಿ ಅವರು ಹಂಬಲಿಸುತ್ತಿರುವುದು ಏನನ್ನು ಎಂದು ವಿಚಾರಿಸಿ. ಅದು ಪಾತ್ರವಾಗಿರದೆ ಒಂದು ಧಾಟಿಯೋ, ಒಂದು ಬಗೆಯ ಭರವಸೆಯೋ ಆಗಿದ್ದರೆ ಅದನ್ನು ಹೊಸ ಕೃತಿಗೂ ಒಯ್ಯಬಹುದು.

ವೈಯಕ್ತಿಕ ಒಡನಾಟದ ಎಲ್ಲೆಯನ್ನಂತೂ ಮೊದಲೇ ಗೊತ್ತುಮಾಡಿಕೊಳ್ಳಿ. ತೆರೆಯ ಮೇಲಿನ ವ್ಯಕ್ತಿ ತನ್ನೊಂದಿಗೇ ಮಾತನಾಡುತ್ತಿದ್ದಾನೆ ಎಂದು ನೋಡುಗರಿಗೆ ಅನ್ನಿಸುವ ಏಕಮುಖ ಆಪ್ತತೆಯನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲಿಯೇ ಗುರುತಿಸಿ, ‘ಪ್ಯಾರಾಸೋಷಿಯಲ್’ ಎಂದು ಹೆಸರಿಟ್ಟರು. ಈಗ ಅದು ಇನ್ನಷ್ಟು ತೀವ್ರವಾಗಿದೆ. ಮನೆಯವರ ವಿಷಯ, ಆರೋಗ್ಯ, ದುಃಖ ಇವುಗಳಲ್ಲಿ ಯಾವುದನ್ನು ಹಂಚಿಕೊಳ್ಳುವುದಿಲ್ಲ ಎಂದು ಬರೆದಿಟ್ಟುಕೊಂಡು ಅದಕ್ಕೆ ಬದ್ಧರಾಗಿರಿ, ಮತ್ತು ಅಭಿಮಾನಿಯೊಬ್ಬರು ಗುಟ್ಟಾಗಿ ಬರೆದ ಪತ್ರವನ್ನು ಅವರ ಒಪ್ಪಿಗೆಯಿಲ್ಲದೆ ವೇದಿಕೆಗೆ ತರಬೇಡಿ. ಲೈಕುಗಳ ಲೆಕ್ಕವನ್ನು ವಾರಕ್ಕೊಮ್ಮೆ ನೋಡಿದರೆ ಸಾಕು.

ಇನ್ನು ಜನ ಕಡಿಮೆ ಬಂದ ಸಂಜೆಯ ವಿಚಾರ. ಹನ್ನೆರಡೇ ಮಂದಿ ಬಂದಿದ್ದರೆ ಅವರನ್ನು ಮುಂದಿನ ಎರಡು ಸಾಲುಗಳಿಗೆ ಕರೆದು ಕೂರಿಸಿ. ಶಬ್ದವನ್ನು ಹೀರಿಕೊಳ್ಳುವ ಮೈಗಳು ಕಡಿಮೆಯಿರುವುದರಿಂದ ಸಭಾಂಗಣ ಹೆಚ್ಚು ಅನುರಣಿಸುತ್ತದೆ. ದನಿಯನ್ನು ತಗ್ಗಿಸಿ, ಮಾತುಗಳ ನಡುವೆ ಎಂದಿಗಿಂತ ಸ್ವಲ್ಪ ಹೆಚ್ಚು ಬಿಡುವು ಕೊಡಿ. ಬಾರದವರ ಬಗ್ಗೆ ಒಂದು ಮಾತೂ ಆಡದೆ, ಗೊತ್ತುಮಾಡಿದ ಸಮಯಕ್ಕೇ ಆರಂಭಿಸಿ.