ಗಾಣ ಕೊಳ್ಳುವಾಗ ನಂಬಿದ ಮಾತು

ನಮ್ಮದು ಮಂಡ್ಯ ತಾಲ್ಲೂಕಿನಲ್ಲಿ ಒಂದು ಆಲೆಮನೆ. ದಿನಕ್ಕೆ 6 ಟನ್ ಕಬ್ಬು ಅರೆಯುತ್ತೇವೆ, ಎಂಟು ಜನ ಕೆಲಸಕ್ಕಿದ್ದಾರೆ. ಎರಡು ವರ್ಷದ ಹಿಂದೆ ಹಳೇ ಗಾಣ ಬಿಚ್ಚಿಟ್ಟು ಹೊಸದು ಕೂರಿಸಿದೆವು. ನಾಲ್ಕನೇ ದಿನ ಒಲೆಗೆ ಉರಿ ಹಾಕುವವನು ಬಂದು, "ಅಣ್ಣ, ಸಿಪ್ಪೆ ಒಣಗ್ತಾನೇ ಇಲ್ಲ, ಬರೀ ಹೊಗೆ" ಅಂದ. ಗಾಣದಿಂದ ಆಗ ತಾನೇ ಬಿದ್ದ ಸಿಪ್ಪೆಯನ್ನು ಒಂದು ಹಿಡಿ ತೆಗೆದು ಹಿಂಡಿದೆ. ರಸ ಬೆರಳ ಸಂದಿಯಿಂದ ಮೊಣಕೈವರೆಗೆ ಇಳಿಯಿತು. ಒಳ್ಳೇ ಗಾಣದ ಸಿಪ್ಪೆ ಹಿಂಡಿದರೆ ಕೈ ಅಂಟಂಟಾಗುತ್ತೆ ಅಷ್ಟೇ, ತೊಟ್ಟಿಕ್ಕುವುದಿಲ್ಲ.

ಗಾಣ ಮಾರಲು ಬಂದವರು ಮೂರು ಮಾತು ಹೇಳಿದ್ದರು. ಮೂರು ರೋಲರೂ ಹೊಸ ಎರಕದವು. 100 ಕೆಜಿ ಕಬ್ಬಿಗೆ 65 ಕೆಜಿ ರಸ. ಇಡೀ ಜಿಲ್ಲೆಗೇ ನಂಬರ್ ಒನ್ ಗಾಣ. ಕೊನೆಯದು ವ್ಯಾಪಾರದ ಮಾತು. ಅದನ್ನು ನಾನೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಕಾನೂನೂ ತೆಗೆದುಕೊಳ್ಳುವುದಿಲ್ಲ. ಮೊದಲ ಎರಡು ಹಾಗಲ್ಲ. ಅವು ಅಳೆದು, ತೂಗಿ ನೋಡಬಹುದಾದ ಸಂಗತಿ. ಅವನ್ನು ನಂಬಿಯೇ 4 ಲಕ್ಷಕ್ಕೆ ಒಪ್ಪಿಕೊಂಡೆ, 3 ಲಕ್ಷ ಮುಂಗಡ ಕೊಟ್ಟೆ. ಆದರೆ ಕೊಟೇಶನ್‌ನಲ್ಲಿ ಇದ್ದದ್ದು ಒಂದೇ ಸಾಲು: ಮೂರು ರೋಲರ್ ಗಾಣ, 20 ಹೆಚ್‌ಪಿ ಮೋಟಾರ್ ಸಹಿತ. ಹೊಸದು ಅಂತಲೂ ಇಲ್ಲ, 65 ಅಂತಲೂ ಇಲ್ಲ. ಬಿಲ್ಲಿನ ಕೆಳಗೆ ಮಾತ್ರ ಸಣ್ಣ ಅಕ್ಷರದಲ್ಲಿ, "ಒಮ್ಮೆ ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ".

ಅವತ್ತೇ ತೂಕ ಹಾಕಿದೆ. 100 ಕೆಜಿ ಕಬ್ಬು ತೂಗಿ ಅರೆಸಿ, ರಸವನ್ನು ಡ್ರಮ್ಮಿಗೆ ಹಿಡಿದು ಮತ್ತೆ ತೂಗಿದೆ. ಮೂರು ಸಲ ಮಾಡಿದೆ. 55, 54, 55. ಫೋನ್ ಮಾಡಿದರೆ, "ನಿಮ್ಮ ಕಬ್ಬು ಬಲಿತಿಲ್ಲ ಅಣ್ಣ" ಎಂಬ ಉತ್ತರ ಬಂತು. ತಳಿ, ವಯಸ್ಸು ನೋಡಿಕೊಂಡು ರಸ ಹೆಚ್ಚು ಕಡಿಮೆ ಆಗುವುದು ನಿಜ. ಕೋ 62175 ಒಂದು ತರಹ, ಕೋ 86032 ಇನ್ನೊಂದು ತರಹ. ಹಾಗಾಗಿ ಅದೇ ಗದ್ದೆಯಲ್ಲಿ ಅದೇ ದಿನ ಕಡಿದ ಕಬ್ಬನ್ನು ಪಕ್ಕದೂರಿನ ಆಲೆಮನೆಗೆ ಹೊತ್ತುಕೊಂಡು ಹೋದೆ. ಅವರ ಗಾಣದಲ್ಲಿ 64 ಕೆಜಿ ಬಂತು. ತೂಕದ ಯಂತ್ರದ ಅಂಕಿ ಕಾಣುವ ಹಾಗೆ ಎರಡೂ ಕಡೆ ವಿಡಿಯೋ ಮಾಡಿಕೊಂಡೆ.

100 ಕೆಜಿಗೆ 10 ಕೆಜಿ ಅಂದರೆ ದಿನಕ್ಕೆ 600 ಕೆಜಿ ರಸ. ನಮ್ಮಲ್ಲಿ ಸುಮಾರು 6 ಕೆಜಿ ರಸಕ್ಕೆ 1 ಕೆಜಿ ಬೆಲ್ಲ ಇಳಿಯುತ್ತೆ. ದಿನಕ್ಕೆ 100 ಕೆಜಿ ಬೆಲ್ಲವನ್ನು ನಾವು ಸಿಪ್ಪೆ ಜೊತೆ ಒಲೆಗೆ ಹಾಕುತ್ತಿದ್ದೆವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನ ಗೊತ್ತಿರುವ ಲೇತ್ ಮೇಸ್ತ್ರಿಯನ್ನು ಕರೆಸಿದೆ. ಅವರು ರೋಲರ್‌ನ ಪಕ್ಕದ ಮುಖದ ಹಸಿರು ಬಣ್ಣವನ್ನು ಉಳಿಯಿಂದ ಕೆರೆದರು. ಒಳಗೆ ವೆಲ್ಡಿಂಗ್ ತುಂಬಿ ಸವರಿದ ಗುಳಿಗಳಿದ್ದವು. ಹಳೇ ರೋಲರ್‌ಗಳನ್ನು ಲೇತಿಗೆ ಹಾಕಿ, ಹೊಸದಾಗಿ ಹಲ್ಲು ಕೊಯ್ದು, ಬಣ್ಣ ಬಳಿದಿದ್ದರು. ಕೊಯ್ದಷ್ಟೂ ರೋಲರ್ ಸಣ್ಣದಾಗುತ್ತೆ. ಎಷ್ಟು ಬಿಗಿ ಮಾಡಿದರೂ ನಡುವಿನ ಸಂದಿ ಮುಚ್ಚಲ್ಲ, ರಸ ಸಿಪ್ಪೆಯಲ್ಲೇ ಉಳಿಯುತ್ತೆ.

ಊರಲ್ಲಿ ಕೆಲವರು ಗ್ರಾಹಕರ ಕೋರ್ಟಿಗೆ ಹೋಗು ಅಂದರು. ಮಂಡ್ಯದ ನಮ್ಮ ವಕೀಲರು, ಆಳು ಇಟ್ಟು ನಡೆಸುವ ವ್ಯಾಪಾರಕ್ಕೆ ಕೊಂಡ ಯಂತ್ರಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ ಅಂದರು. ಆಮೇಲೆ 1872ರ ಕರಾರು ಕಾಯ್ದೆ ತೆಗೆದು 17, 18, 19ನೇ ಕಲಂ ಓದಿ ಹೇಳಿದರು. ಸುಳ್ಳು ಎಂದು ಗೊತ್ತಿದ್ದೇ ಹೇಳಿದರೆ ವಂಚನೆ. ನಿಜ ಎಂದು ನಂಬಿ ತಪ್ಪು ಹೇಳಿದರೆ ತಪ್ಪು ನಿರೂಪಣೆ. ಎರಡರಲ್ಲೂ ಆ ಮಾತು ನಂಬಿ ಒಪ್ಪಿಕೊಂಡವನು ಕರಾರು ರದ್ದು ಮಾಡಬಹುದು. ಇಲ್ಲವೇ ಕರಾರು ಇರಲಿ, ಆದರೆ ನೀವು ಹೇಳಿದ ಮಾತು ನಿಜವಾಗಿದ್ದರೆ ನಾನು ಎಲ್ಲಿರುತ್ತಿದ್ದೆನೋ ಅಲ್ಲಿಗೆ ತಂದು ನಿಲ್ಲಿಸಿ ಅಂತ ಕೇಳಬಹುದು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ. ವರ್ಷಕ್ಕೆ 500 ಮಣ ನೀಲಿ ಬಣ್ಣ (ಇಂಡಿಗೋ) ತಯಾರಾಗುತ್ತೆ ಎಂದು ಸುಳ್ಳು ಹೇಳಿ ಕಾರ್ಖಾನೆ ಮಾರಿದವನ ಕಥೆ. ನೀಲಿ ಇದ್ದ ಜಾಗಕ್ಕೆ ಕಬ್ಬಿನ ರಸ ಹಾಕಿದರೆ ನನ್ನದೇ ಕಥೆ.

ವಕೀಲರು ಇನ್ನೊಂದು ಮಾತು ಹೇಳಿದರು, ನನಗೆ ಚುಚ್ಚಿದ್ದು ಅದೇ. "ತಿಳಿಯದೆ ಹೇಳಿದ್ದು ಅಂತಾದರೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ನಿಮಗೇ ಗೊತ್ತಾಗ್ತಿತ್ತು ಅಂತ ಅವರು ವಾದ ಮಾಡಬಹುದು. ಗೊತ್ತಿದ್ದೇ ಹೇಳಿದ ಸುಳ್ಳಿಗೆ ಆ ವಾದ ನಡೆಯಲ್ಲ. ಬಿಲ್ಲಿನ ಕೆಳಗಿನ ಆ ಸಾಲೂ ಅವರನ್ನು ಕಾಪಾಡಲ್ಲ." ಮುಂಗಡ ಕೊಡುವ ಮುಂಚೆ ನಾನು ಒಂದೇ ಒಂದು ಸಲ 100 ಕೆಜಿ ತೂಗಿ ನೋಡಬಹುದಿತ್ತು, ಅಲ್ವಾ? ನೋಡಲಿಲ್ಲ. ನನ್ನನ್ನು ಉಳಿಸಿದ್ದು ಬಣ್ಣದ ಕೆಳಗಿನ ವೆಲ್ಡಿಂಗ್ ಮತ್ತು ಒಂದು ವಾಯ್ಸ್ ಮೆಸೇಜ್. ಮುಂಗಡಕ್ಕೆ ಎರಡು ದಿನ ಮುಂಚೆ ಗಾಣ ಮಾರಿದವರೇ ಕಳಿಸಿದ್ದು: "ರೋಲರ್ ಮೂರೂ ಹೊಸ್ದು ಅಣ್ಣ, ಅರವತ್ತೈದು ಗ್ಯಾರಂಟಿ." ಆ ಫೋನನ್ನು ಇವತ್ತಿಗೂ ಮಾರಿಲ್ಲ.

ಗಾಣ ನಿಲ್ಲಿಸಿ ಎಂದು ವಕೀಲರು ಅವತ್ತೇ ಹೇಳಿದರು. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ, ಬೇಡ ಎಂದು ತಿಳಿಸದೆ ಸುಮ್ನೆ ಇಟ್ಟುಕೊಂಡು ಬಳಸುತ್ತಾ ಹೋದರೆ ಮಾಲು ಒಪ್ಪಿಕೊಂಡ ಹಾಗೆ ಆಗಿಬಿಡುತ್ತೆ. ಆಮೇಲೆ ವಾಪಸು ಮಾಡುವ ಮಾತು ಕಷ್ಟ. ಇನ್ನೊಂದು ಗಡುವೂ ಇತ್ತು. ಮಾರಿದವರು ಸಣ್ಣ ಉದ್ಯಮ ಎಂದು ನೋಂದಣಿ ಮಾಡಿಸಿದವರು. ಅಂಥವರ ಮಾಲಿನ ಬಗ್ಗೆ ತಕರಾರಿದ್ದರೆ ಬಂದ 15 ದಿನದೊಳಗೆ ಬರವಣಿಗೆಯಲ್ಲಿ ಕೊಡಬೇಕು. ಇಲ್ಲದಿದ್ದರೆ ಬಾಕಿ 1 ಲಕ್ಷಕ್ಕೆ ಅವರೇ ನನ್ನ ಮೇಲೆ ಬಡ್ಡಿ ಸಮೇತ ಬರಬಹುದಿತ್ತು. ಒಂಬತ್ತನೇ ದಿನ ರಿಜಿಸ್ಟರ್ಡ್ ಪೋಸ್ಟ್ ಹಾಕಿದೆ. ಅದರಲ್ಲಿ ಬೈಗುಳ ಇರಲಿಲ್ಲ. ಯಾವತ್ತು ಏನು ಹೇಳಿದಿರಿ, ಅಳೆದಾಗ ಏನು ಬಂತು, ಈಗ ನನಗೆ ಏನು ಬೇಕು, ಅಷ್ಟೇ. ಹಿಂದಿನ ಶೆಡ್ಡಿನಲ್ಲಿದ್ದ ಹಳೇ ಗಾಣವನ್ನೇ ಮತ್ತೆ ಕೂರಿಸಿ ಕಬ್ಬು ಅರೆದೆವು.

ಕೋರ್ಟಿನವರೆಗೆ ಹೋಗಲಿಲ್ಲ. ಮಾಲೀಕರು ಬಂದರು, ಕೆರೆದ ಬಣ್ಣ ನೋಡಿದರು, ಹೆಚ್ಚು ಮಾತಾಡಲಿಲ್ಲ. ಮೂರು ವಾರದಲ್ಲಿ ಹೊಸ ರೋಲರ್ ಹಾಕಿಸಿಕೊಟ್ಟರು, ಬಾಕಿಯಲ್ಲಿ 40,000 ಬಿಟ್ಟರು. ಅವರ ಮುಂದೆಯೇ ತೂಗಿದೆವು, 64 ಬಂತು. ಹೋದ ಬೆಲ್ಲಕ್ಕೆ 40,000 ಸಾಕಾಗಲಿಲ್ಲ. ಆದರೂ ಹಂಗಾಮು ಉಳಿಯಿತು, ಒಪ್ಪಿಕೊಂಡೆ.

ಕಳೆದ ವರ್ಷ ಸ್ಟೀಲ್ ಕೊಪ್ಪರಿಗೆ ಮಾಡಿಸಬೇಕಾಯಿತು. ಈ ಸಲ ಮಾತುಕತೆ ಮುಗಿದ ಸಂಜೆಯೇ ನಾನೇ ಮೆಸೇಜ್ ಬರೆದೆ: "ನೀವು ಹೇಳಿದ್ದು 304 ದರ್ಜೆಯ ಸ್ಟೀಲ್, ದಪ್ಪ 4 ಮಿಮೀ. ಈ ಮಾತು ನಂಬಿಯೇ ಆರ್ಡರ್ ಕೊಡುತ್ತಿದ್ದೇನೆ. ಸರಿ ಇದ್ದರೆ ಸರಿ ಅಂತ ಬರೆದು ಕಳಿಸಿ. ನಾಳೆ ಮುಂಗಡ ಹಾಕುತ್ತೇನೆ."

ಮಧ್ಯಾಹ್ನ ಬಾಯಲ್ಲಿ ನಾಲ್ಕು ಸಲ 304 ಎಂದಿದ್ದವರು ಉತ್ತರ ಬರೆಯಲು ಎರಡು ಗಂಟೆ ತೆಗೆದುಕೊಂಡರು. "ಅಣ್ಣ, ಆ ರೇಟಿಗೆ 202 ಬರುತ್ತೆ. 304 ಬೇಕಂದ್ರೆ ರೇಟ್ ಬೇರೆ."

ಬೇರೆ ರೇಟು ಎಷ್ಟು ಅಂತ ಕೇಳಿದೆ. ಅದನ್ನೂ ಬರೆದು ಕಳಿಸಿದರು. 304ರಲ್ಲೇ ಮಾಡಿಸಿದೆ.