ಪಾಸ್‌ಬುಕ್‌ನಲ್ಲಿ ಪೈಸೆ ಕಂಡರೆ ಅಲ್ಲೇ ನಿಲ್ಲಿ

ಮೂರು ತಿಂಗಳಿಗೊಮ್ಮೆ ಮನೆಯವರೆಲ್ಲರ ಪಾಸ್‌ಬುಕ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿಕೊಂಡು ಬರುತ್ತೇನೆ. ಮಧ್ಯಾಹ್ನ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು ಕೂರುತ್ತೇನೆ. ಮೊದಲೆಲ್ಲ ಕೊನೆಯ ಸಾಲು ನೋಡಿ ಮುಚ್ಚಿಡುತ್ತಿದ್ದೆ. ಎಷ್ಟು ಉಳಿದಿದೆ ಅಂತ ಗೊತ್ತಾದರೆ ಸಾಕು ಅನ್ನಿಸುತ್ತಿತ್ತು. ಈಗ ಮೊದಲ ಸಾಲಿನಿಂದ ಓದುತ್ತೇನೆ. ಹಾಲಿನವನ ಲೆಕ್ಕ, ದಿನಸಿ ಅಂಗಡಿಯ ಚೀಟಿ ಎಲ್ಲ ಒಂದೊಂದು ರೂಪಾಯಿ ಕೂಡಿಸಿ ನೋಡುವ ನಾವು ಬ್ಯಾಂಕಿನ ಪುಸ್ತಕವನ್ನು ಮಾತ್ರ ಓದುವುದೇ ಇಲ್ಲ, ಅಲ್ವಾ?

ಓದುವುದಕ್ಕೆ ಒಂದು ಸುಲಭದ ದಾರಿ ಹೇಳುತ್ತೇನೆ. ಖರ್ಚಿನ ಕಾಲಂನಲ್ಲಿ ಪೈಸೆ ಇರುವ ಮೊತ್ತಗಳನ್ನು ಹುಡುಕಿ. ನಾವು ಯಾರಿಗೆ ದುಡ್ಡು ಕೊಟ್ಟರೂ 500, 2,000 ಅಂತ ಇಡಿಯಾಗಿ ಕೊಡುತ್ತೇವೆ. ಬ್ಯಾಂಕಿನ ಶುಲ್ಕಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ. ಹಾಗಾಗಿ ಅದರ ಬಾಲದಲ್ಲಿ ಬಹಳ ಸಲ ಪೈಸೆ ಇರುತ್ತದೆ. 17.70 ಅಂತ ಇದ್ದರೆ 15 ರೂಪಾಯಿಯ ಮೇಲೆ ತೆರಿಗೆ, ಸಾಮಾನ್ಯವಾಗಿ ಮೂರು ತಿಂಗಳ ಎಸ್‌ಎಂಎಸ್ ಶುಲ್ಕ. 27.14 ಅಂತ ಇದ್ದರೆ ಎಟಿಎಂನದು, 23 ರೂಪಾಯಿಯ ಮೇಲೆ ತೆರಿಗೆ. ಕಾರ್ಡಿನ ವಾರ್ಷಿಕ ಶುಲ್ಕದಂಥ ಕೆಲವು ಮಾತ್ರ ಇಡಿ ಸಂಖ್ಯೆಯಾಗಿಯೇ ಬರುತ್ತವೆ. ಕಾರ್ಡಿನ ಶುಲ್ಕ 200 ಇದ್ದರೆ 236 ಆಗುತ್ತದೆ. ಇವಕ್ಕೆಲ್ಲ ಕೆಂಪು ಗೆರೆ ಎಳೆದು ವರ್ಷದ ಕೊನೆಗೆ ಕೂಡಿಸಿ. ನಮ್ಮ ಮನೆಯಲ್ಲಿ ಮೊದಲ ಸಲ ಕೂಡಿಸಿದಾಗ ನನಗೆ ಸಂಕಟವಾಯಿತು. ಒಂದು ತಿಂಗಳ ಗ್ಯಾಸ್ ಸಿಲಿಂಡರಿನ ದುಡ್ಡಿಗಿಂತ ಜಾಸ್ತಿ ಹೋಗಿತ್ತು.

ಮಿನಿಮಮ್ ಬ್ಯಾಲೆನ್ಸ್ ವಿಷಯದಲ್ಲಿ ನಾನು ತುಂಬಾ ದಿನ ತಪ್ಪು ತಿಳಿದುಕೊಂಡಿದ್ದೆ. ನನ್ನ ಒಂದು ಖಾತೆಯಲ್ಲಿ 2,000 ಇರಬೇಕು ಅಂದಿದ್ದರು. ತಿಂಗಳು ಮುಗಿಯುವಾಗ ಇದ್ದರೆ ಸಾಕು ಅಂದುಕೊಂಡು 28ನೇ ತಾರೀಕು ಹೋಗಿ 2,000 ಕಟ್ಟಿ ಬರುತ್ತಿದ್ದೆ. ಆದರೂ ದಂಡ ಕಟ್ ಆಗುತ್ತಿತ್ತು. ಕೌಂಟರಿನಲ್ಲಿದ್ದ ಹುಡುಗಿ ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅರ್ಥವಾಯಿತು. ಅವರು ನೋಡುವುದು ಸರಾಸರಿ. ಪ್ರತಿ ದಿನ ರಾತ್ರಿ ಖಾತೆಯಲ್ಲಿ ಎಷ್ಟಿತ್ತೋ ಅದನ್ನೆಲ್ಲ ಕೂಡಿಸಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಲ್ಲಿ 28ಕ್ಕೆ ಕಟ್ಟಿದರೆ ಮೂರು ದಿನ ಮಾತ್ರ 2,000 ಇದ್ದ ಹಾಗೆ. ಕೂಡಿಸಿದರೆ 6,000. ಭಾಗಿಸಿದರೆ 200. ಅಲ್ಲಿಗೆ ದಂಡ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. 2,000ದ ಸರಾಸರಿ ಬರಬೇಕಾದರೆ ದಿನದ ಮೊತ್ತಗಳೆಲ್ಲ ಸೇರಿ 60,000 ಆಗಬೇಕು. ಪೆನ್ಷನ್ 20,000 ಬಂದಿದೆ ಅಂದುಕೊಳ್ಳಿ. ಅದನ್ನು ಮೂರು ರಾತ್ರಿ ಮುಟ್ಟದೆ ಬಿಟ್ಟರೆ 60,000 ಆಗಿಹೋಯಿತು. ನಾಲ್ಕನೇ ದಿನ ಪೂರ್ತಿ ತೆಗೆದರೂ ಆ ತಿಂಗಳಿಗೆ ತೊಂದರೆ ಇಲ್ಲ. ಕೈ ಬಿಗಿ ಇರುವ ತಿಂಗಳಲ್ಲಿ ಇದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಮೊದಲ ವಾರ ದುಡ್ಡು ಖಾತೆಯಲ್ಲೇ ಇರಲಿ, ಆಮೇಲೆ ಬೇಕಾದಷ್ಟು ತೆಗೆಯಿರಿ. ಕೆಲವು ಬ್ಯಾಂಕುಗಳು ಮೂರು ತಿಂಗಳ ಸರಾಸರಿ ನೋಡುತ್ತವೆ. ನಿಮ್ಮದು ಯಾವುದು ಅಂತ ಕೇಳಿ ಪಾಸ್‌ಬುಕ್‌ನ ಮೊದಲ ಪುಟದಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡಿ.

ಮಿನಿಮಮ್ ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ನಿಮಗೆ ಮೊದಲೇ ತಿಳಿಸಬೇಕು, ಸರಿಮಾಡಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಕಡಿಮೆ ಬಿದ್ದ ಮೊತ್ತಕ್ಕೆ ತಕ್ಕಂತೆ ಶುಲ್ಕ ಇರಬೇಕು. ಬರೀ ಈ ದಂಡದಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ರಿಸರ್ವ್ ಬ್ಯಾಂಕಿನ ಈ ನಿಯಮ 2015ರ ಏಪ್ರಿಲ್‌ನಿಂದ ಇದೆ. ಇಷ್ಟು ಗೊತ್ತಿದ್ದರೆ ಕೌಂಟರಿನಲ್ಲಿ ಮಾತಾಡುವಾಗ ಧ್ವನಿ ಗಟ್ಟಿಯಾಗಿರುತ್ತದೆ.

ಈ ಗೋಳೇ ಬೇಡ ಅನ್ನುವವರಿಗೂ ದಾರಿ ಇದೆ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಉಳಿತಾಯ ಖಾತೆಗಳಿಗೆ ಮಿನಿಮಮ್ ಬ್ಯಾಲೆನ್ಸ್ ತೆಗೆದುಹಾಕಿತು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಈ ದಂಡ ನಿಲ್ಲಿಸಿತು. ಅದರ ಹಿಂದೆಯೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ನಿಲ್ಲಿಸಿದವು. ಯಾವ ಬ್ಯಾಂಕಿನಲ್ಲಾದರೂ ಜೀರೋ ಬ್ಯಾಲೆನ್ಸ್ ಮೂಲ ಖಾತೆ ಕೊಡಿ ಅಂತ ಕೇಳುವ ಹಕ್ಕು ನಮಗಿದೆ. ಜನಧನ್ ಖಾತೆ ಇದೇ ಜಾತಿಯದು. ಅದರಲ್ಲಿ ಕಾರ್ಡಿಗೆ ವಾರ್ಷಿಕ ಶುಲ್ಕ ಇಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ದುಡ್ಡು ತೆಗೆಯಬಹುದು. ಒಂದು ಷರತ್ತು ಏನೆಂದರೆ, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು.

ನಮ್ಮ ಮನೆ ಕೆಲಸಕ್ಕೆ ಬರುವ ಹೆಂಗಸಿಗೆ ಆಗಿದ್ದನ್ನು ಹೇಳಲೇಬೇಕು. ಒಂದು ದಿನ ಪಾತ್ರೆ ತೊಳೆಯುತ್ತಾ, "ಅಮ್ಮಾ, ಗೃಹಲಕ್ಷ್ಮಿ ದುಡ್ಡು ಎರಡು ಸಾವಿರ ಬಂತು ಅಂತ ಎಲ್ರೂ ಹೇಳ್ತಾರೆ, ನಂಗ್ಯಾಕೆ ಸಾವಿರದ ಮುನ್ನೂರೂ ಇಲ್ಲ?" ಅಂದಳು. ಪಾಸ್‌ಬುಕ್ ತಾ ಅಂದೆ. ಪಾಸ್‌ಬುಕ್ಕೇ ಇರಲಿಲ್ಲ. ಬ್ಯಾಂಕಿಗೆ ಕಳಿಸಿ ಸ್ಟೇಟ್‌ಮೆಂಟ್ ತರಿಸಿದೆ. 2,000 ಬಂದ ದಿನವೇ 354, ಮತ್ತೊಂದು 354 ಕಟ್ ಆಗಿತ್ತು. ಉಳಿದದ್ದು 1,292. ಅವಳು ಹಿಂದೆ ಗಾರ್ಮೆಂಟ್ಸ್‌ನಲ್ಲಿದ್ದಾಗ ಕಂಪನಿಯವರು ಒಂದು ಖಾಸಗಿ ಬ್ಯಾಂಕಿನಲ್ಲಿ ಸಂಬಳದ ಖಾತೆ ಮಾಡಿಸಿದ್ದರು. ಕೆಲಸ ಬಿಟ್ಟ ಮೇಲೆ ಅದು ಮಾಮೂಲಿ ಖಾತೆಯಾಗಿ, ಸಾವಿರಾರು ರೂಪಾಯಿ ಮಿನಿಮಮ್ ಬ್ಯಾಲೆನ್ಸ್ ಕೇಳತೊಡಗಿತ್ತು. ಸರ್ಕಾರದ ದುಡ್ಡು ಆಧಾರ್‌ಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಅವಳ ಆಧಾರ್ ಆ ಖಾತೆಗೇ ಅಂಟಿಕೊಂಡಿತ್ತು.

ಮಾರನೇ ದಿನ ಇಬ್ಬರೂ ಹೋದೆವು. ಮನೆ ಹತ್ತಿರದ ಸರ್ಕಾರಿ ಬ್ಯಾಂಕಿನಲ್ಲಿ ಜೀರೋ ಬ್ಯಾಲೆನ್ಸ್ ಖಾತೆ ಮಾಡಿಸಿ, ಸರ್ಕಾರದ ದುಡ್ಡು (ಡಿಬಿಟಿ) ಇಲ್ಲಿಗೇ ಬರುವ ಹಾಗೆ ಆಧಾರ್ ಜೋಡಿಸುವ (ಸೀಡಿಂಗ್) ಅರ್ಜಿ ಕೊಟ್ಟೆವು. ಹೊಸ ಖಾತೆಗೆ ಒಂದು ಕಂತು ಬಂದದ್ದು ಕಣ್ಣಾರೆ ನೋಡಿದ ಮೇಲೆ ಹಳೆಯದನ್ನು ಮುಚ್ಚಿಸಿದೆವು. ಈ ಅನುಕ್ರಮ ಮುಖ್ಯ. ಮೊದಲೇ ಮುಚ್ಚಿದರೆ ದುಡ್ಡು ನಡುದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನಿಮ್ಮ ಮನೆಗೆ ಕೆಲಸಕ್ಕೆ ಬರುವವರ, ಓದಲು ಬಾರದ ನೆಂಟರ ಪಾಸ್‌ಬುಕ್‌ಗಳನ್ನೂ ಒಮ್ಮೆ ಕೇಳಿ ತೆಗೆದು ನೋಡಿ. ಅವರಿಗೆ ಆ 700 ರೂಪಾಯಿ ಎಂದರೆ ಒಂದು ಚಿಕ್ಕ ಮೂಟೆ ಅಕ್ಕಿಯ ದುಡ್ಡು.

ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಕಂಪನಿ ಬದಲಾಯಿಸಿದಾಗಲೆಲ್ಲ ಹೊಸ ಸಂಬಳದ ಖಾತೆ ಹುಟ್ಟುತ್ತದೆ. ಹಳೆಯದು ಹಾಗೇ ಬಿದ್ದಿರುತ್ತದೆ. ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಮಿನಿಮಮ್ ಬ್ಯಾಲೆನ್ಸ್ ಬೇಡ ಅನ್ನುವ ರಿಯಾಯಿತಿ ಹೋಗುತ್ತದೆ. ನನ್ನ ದೊಡ್ಡ ಮಗನ ಬಳಿ ಐದು ಖಾತೆ, ಐದು ಕಾರ್ಡು ಇದ್ದವು. ಬಳಸುತ್ತಿದ್ದದ್ದು ಎರಡು. ನನ್ನನ್ನು ಕೇಳಿದರೆ ಒಬ್ಬರಿಗೆ ಎರಡು ಖಾತೆ ಸಾಕು. ಒಂದು ದಿನನಿತ್ಯದ ಖರ್ಚಿಗೆ, ಇನ್ನೊಂದು ಉಳಿತಾಯಕ್ಕೆ.

ನಮ್ಮ ಕಡೆಯವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ನಮ್ಮ ಕರ್ನಾಟಕದ ಎಷ್ಟೊಂದು ಬ್ಯಾಂಕುಗಳು ವಿಲೀನವಾದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಮೊದಲು ಕೆನರಾದಲ್ಲೊಂದು, ಸಿಂಡಿಕೇಟ್‌ನಲ್ಲೊಂದು ಖಾತೆ ಇದ್ದವರಿಗೆ ಈಗ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ. ಎರಡು ಕಾರ್ಡಿನ ಶುಲ್ಕ, ಎರಡು ಕಡೆ ಎಸ್‌ಎಂಎಸ್ ಶುಲ್ಕ. ಒಂದನ್ನು ಮುಚ್ಚಿ. ಮುಚ್ಚುವ ಮೊದಲು ಅದರಿಂದ ಹೋಗುವ ಎಲ್‌ಐಸಿ ಕಂತು, ಕರೆಂಟ್ ಬಿಲ್ಲು, ಸಾಲದ ಕಂತು ಏನೇನಿದೆ ನೋಡಿ ಬೇರೆ ಖಾತೆಗೆ ಬದಲಾಯಿಸಿಕೊಳ್ಳಿ.

ಹಳೇ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರವೇ ಇಲ್ಲದಿದ್ದರೆ ಅದು ನಿಷ್ಕ್ರಿಯವಾಗುತ್ತದೆ. ಹೆದರಬೇಡಿ. ನಿಷ್ಕ್ರಿಯ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವ ಹಾಗಿಲ್ಲ, ಮತ್ತೆ ಚಾಲೂ ಮಾಡಿಕೊಡಲೂ ದುಡ್ಡು ಕೇಳುವ ಹಾಗಿಲ್ಲ. ಆಧಾರ್, ಫೋಟೋ ತೆಗೆದುಕೊಂಡು ಹೋಗಿ ಕೆವೈಸಿ, ಅಂದರೆ ಗುರುತು ವಿಳಾಸದ ದಾಖಲೆ ಕೊಡಿ.

ಎಟಿಎಂ ವಿಷಯ. ನಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೇರೆ ಬ್ಯಾಂಕಿನದಾದರೆ ನಮ್ಮ ತುಮಕೂರಿನಂಥ ಊರಲ್ಲಿ ಐದು, ಬೆಂಗಳೂರಿನಲ್ಲಿ ಮೂರೇ. ಅದಕ್ಕಿಂತ ಮೇಲೆ ಹೋದರೆ 2025ರ ಮೇ 1ರಿಂದ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು, ತೆರಿಗೆ ಬೇರೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿದರೂ ಅದು ಒಂದು ಸಲ ಅಂತಲೇ ಲೆಕ್ಕ. ನಮ್ಮ ಯಜಮಾನರು ಮೊದಲು ಬ್ಯಾಲೆನ್ಸ್ ನೋಡಿ, ದುಡ್ಡು ತೆಗೆದು, ಮತ್ತೆ ಬ್ಯಾಲೆನ್ಸ್ ನೋಡುತ್ತಿದ್ದರು. ಒಂದೇ ಭೇಟಿಗೆ ಮೂರು ಮುಗಿಯಿತು. ಬ್ಯಾಲೆನ್ಸ್ ತಿಳಿಯಲು ಬ್ಯಾಂಕಿನ ಮಿಸ್ಡ್ ಕಾಲ್ ನಂಬರ್ ಇರುತ್ತದೆ, ಅದನ್ನು ಫೋನಿನಲ್ಲಿ ಸೇವ್ ಮಾಡಿಕೊಡಿ. ಮೆಷಿನ್ ಕೆಟ್ಟು ಅಥವಾ ಅದರಲ್ಲಿ ದುಡ್ಡಿಲ್ಲದೆ ವಾಪಸ್ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ದುಡ್ಡು ಕೈಗೆ ಬಾರದೆ ಖಾತೆಯಲ್ಲಿ ಮಾತ್ರ ಕಟ್ ಆಗಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕೇ ನಮಗೆ ಕೊಡಬೇಕು.

ಮೇ ತಿಂಗಳ ಕೊನೆಯ ವಾರದ ಎಂಟ್ರಿಗಳನ್ನು ಬೇರೆಯಾಗಿ ನೋಡಿ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ 436, ಸುರಕ್ಷಾ ವಿಮೆಗೆ 20 ರೂಪಾಯಿ ಆಗ ಕಟ್ ಆಗುತ್ತದೆ. ಒಳ್ಳೆಯ ವಿಮೆಗಳು, ಖಂಡಿತ ಇರಲಿ. ಆದರೆ ಎರಡು ಬ್ಯಾಂಕಿನಲ್ಲಿ ಎರಡೆರಡು ಸಲ ಕಟ್ಟುವವರನ್ನು ನೋಡಿದ್ದೇನೆ. ಒಬ್ಬರಿಗೆ ಒಂದೇ ಖಾತೆಯಿಂದ ಪರಿಹಾರ ಸಿಗುವುದು, ಎರಡನೆಯದು ಸುಮ್ನೆ ಹೋಗುತ್ತದೆ. ಒಂದನ್ನು ನಿಲ್ಲಿಸಲು ಅರ್ಜಿ ಕೊಡಿ.

ಬೇರೆಯವರ ಖಾತೆಗೆ ಹಣ ಕಳಿಸುವಾಗ ಫೋನಿನಲ್ಲೇ ಕಳಿಸಿ. ಆನ್‌ಲೈನ್ ನೆಫ್ಟ್‌ಗೆ 2020ರ ಜನವರಿಯಿಂದ ಉಳಿತಾಯ ಖಾತೆಯವರಿಗೆ ಶುಲ್ಕ ಇಲ್ಲ, ಶಾಖೆಯಲ್ಲಿ ಚೀಟಿ ತುಂಬಿದರೆ ಇದೆ. ಸಾಲದ ಕಂತಿನ ತಾರೀಕು ಸಂಬಳ ಬೀಳುವ ದಿನಕ್ಕಿಂತ ಮೊದಲಿದ್ದರೆ ಬದಲಾಯಿಸಿ ಅಂತ ಈಗಲೇ ಕೇಳಿ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಒಮ್ಮೆ ಬೌನ್ಸ್ ಆದರೆ ಬ್ಯಾಂಕಿಗೂ ದಂಡ ಕಟ್ಟಬೇಕು, ಸಾಲ ಕೊಟ್ಟವರಿಗೂ ಕಟ್ಟಬೇಕು. 70 ದಾಟಿದವರಿಗೆ ಮನೆಗೇ ಬಂದು ಸೇವೆ ಕೊಡುವ ಏರ್ಪಾಡು ಇದೆ. ಅದಕ್ಕೆ ಶುಲ್ಕ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ.

ತಪ್ಪಾಗಿ ಕಟ್ ಆಗಿದ್ದರೆ ಬಾಯಿ ಮಾತಲ್ಲಿ ಕೇಳಿ ಬರಬೇಡಿ. ವಾಪಸ್ ಮಾಡಿದ್ದ ಕಾರ್ಡಿಗೆ ನನ್ನ ಖಾತೆಯಿಂದ 236 ರೂಪಾಯಿ ತೆಗೆದಿದ್ದರು. ಎರಡು ಸಲ ಹೋಗಿ ಕೇಳಿದೆ. ನೋಡೋಣ ಅಂದರು. ಮೂರನೇ ಸಲ ಅರ್ಧ ಪುಟದ ಪತ್ರ ಬರೆದುಕೊಂಡು ಹೋದೆ. ಖಾತೆ ನಂಬರ್, ಕಟ್ ಆದ ತಾರೀಕು, ಮೊತ್ತ, ಕಾರ್ಡ್ ವಾಪಸ್ ಕೊಟ್ಟ ದಿನ, ಅಷ್ಟೇ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡೆ. ಹನ್ನೊಂದು ದಿನಕ್ಕೆ ದುಡ್ಡು ವಾಪಸ್ ಬಂತು. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಹೇಗೆ ಅಂತ ಗೊತ್ತಾಗದಿದ್ದರೆ 14448ಕ್ಕೆ ಫೋನ್ ಮಾಡಿ ಕೇಳಿ. ಸೀಲು ಬಿದ್ದ ಆ ಪ್ರತಿಯನ್ನು ಮಾತ್ರ ಪಾಸ್‌ಬುಕ್‌ನ ಕವರಿನೊಳಗೇ ಇಟ್ಟುಕೊಂಡಿರಿ. ದೂರು ಕೊಡುವಾಗ ಬ್ಯಾಂಕಿಗೆ ಯಾವತ್ತು ಬರೆದಿದ್ದಿರಿ ಅಂತ ಕೇಳುತ್ತಾರೆ.